ಕುಚ್ಚುಮೀನು ಗಾಳಿ ಕುಡಿಯಲು ಕಲಿತದ್ದು

ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲ. ಬೆಟ್ಟಗಳಿಗೆ ಆಗಷ್ಟೇ ಹೆಸರಿಟ್ಟಿದ್ದರು. ಕೆರೆಗೆ ಇನ್ನೂ ಇಟ್ಟಿರಲಿಲ್ಲ. ಎಲ್ಲರೂ ‘ಕೆರೆ’ ಅಂತಲೇ ಕೂಗುತ್ತಿದ್ದರು, ಅದೂ ‘ಓ’ ಅನ್ನುತ್ತಿತ್ತು. ಆಗ ಮೀನುಗಳೆಲ್ಲ ನೀರಿನೊಳಗೇ ಉಸಿರಾಡುತ್ತಿದ್ದವು. ಮೇಲಿನ ಗಾಳಿಯ ರುಚಿ ಒಂದಕ್ಕೂ ಗೊತ್ತಿರಲಿಲ್ಲ.

ಆ ಕೆರೆಯ ಏರಿಯ ಕೆಳಗೆ ಹೊಂಬಾಳೆ ಎಂಬ ಹುಡುಗಿ ಇದ್ದಳು. ಅವಳಿಗೆ ಗಾಳ ಹಾಕಲು ಕಲಿಸಿದವನು ತಾತ. ಹಲ್ಲುದುರಿ ಮುದುಕಿಯಾದ ಮೇಲೂ ಅವಳು ಆ ದಿನಗಳನ್ನು ನೆನೆದು ನಗುತ್ತಿದ್ದಳು. ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣು, ಮಣ್ಣಿನೊಳಗೆ ಎರೆಹುಳು. ಬಿದಿರ ಕೋಲು, ನೀರ ಮೇಲೆ ತೇಲಲು ಜೋಳದ ದಂಟಿನ ಬೆಂಡು. ಎಸೆಯುವ ಮುಂಚೆ ಹುಳುವಿಗೆ ‘ಥೂ’ ಎಂದು ಉಗಿಯಬೇಕು, ಇಲ್ಲದಿದ್ದರೆ ಮೀನು ಮೂತಿ ತಿರುಗಿಸಿಕೊಂಡು ಹೋಗುತ್ತದೆ ಎಂದು ತಾತ ಹೇಳಿದ್ದ. ತಾತನ ಮಾತೆಂದರೆ ಮಾತು. ಅವನ ಕೈಯ ಮೀನಿನ ವಾಸನೆ ಅವಳಿಗೆ ಮಲ್ಲಿಗೆಗಿಂತ ಇಷ್ಟ. ಎಷ್ಟು ಚೆಂದದ ಸಂಜೆಗಳು ಅವು!

ತಾತ ಇನ್ನೊಂದು ಮಾತೂ ಹೇಳಿದ್ದ. “ನೀರ ಮೇಲೆ ಕುಂಕುಮ ಚೆಲ್ಲಿದಂಗೆ ಕೆಂಪಗೆ ಕಂಡ್ರೆ ಗಾಳ ಎತ್ಬುಡು ಮಗ. ಅಲ್ಲಿ ಕುಚ್ಚುಮೀನು ಮರಿ ಕಾಯ್ತಾ ಇರ್ತದೆ.”

ಒಂದು ವರ್ಷ ಹೊಂಬಾಳೆಯ ಅವ್ವ ಗಂಡುಮಗು ಹೆತ್ತಳು. ಹೆತ್ತವಳಿಗೆ ಏಳಲೂ ತ್ರಾಣವಿಲ್ಲ, ಎದೆಯಲ್ಲಿ ಹಾಲಿಲ್ಲ. ಮಗು ಅತ್ತೂ ಅತ್ತೂ ದನಿ ಬತ್ತಿಸಿಕೊಂಡಿತು.

“ಕುಚ್ಚುಮೀನಿನ ಸಾರು ಕುಡಿಸ್ರವ್ವ, ಹಾಲು ಇಳೀತದೆ” ಎಂದಳು ಸೂಲಗಿತ್ತಿ.

ತಾತ ಜ್ವರ ಬಂದು ಮಲಗಿದ್ದ. ಹೊಂಬಾಳೆ ಒಬ್ಬಳೇ ಕೋಲು, ಬುಟ್ಟಿ ಹಿಡಿದು ಕೆರೆಗೆ ಓಡಿದಳು.

ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಂಡು ಅಲುಗಲಿಲ್ಲ.

“ಕೆರೆಯೇ, ಒಂದೇ ಒಂದು ಕುಚ್ಚು ಕೊಡು!”

“ಓ... ಕೊಡ್ತೀನಿ, ತಡಿ” ಎಂದಿತು ಕೆರೆ. ಕೆರೆಗೆ ಯಾವತ್ತೂ ಅವಸರವಿಲ್ಲ. ಹೊಂಬಾಳೆಗೆ ಇತ್ತು.

ಅಷ್ಟರಲ್ಲಿ ಜೊಂಡಿನ ಪಕ್ಕ ನೀರು ಕೆಂಪಗಾಯಿತು. ನೂರಾರು ಪುಟ್ಟ ಕೆಂಪು ಮರಿಗಳು! ತಾತನ ಮಾತು ನೆನಪಿಗೆ ಬಂತು. ಆದರೆ ಕಿವಿಯಲ್ಲಿ ತಮ್ಮನ ಅಳು ತುಂಬಿತ್ತು. ಅವಳು ಕಣ್ಣು ಮುಚ್ಚಿ ಗಾಳವನ್ನು ಮರಿಗಳ ನಡುವೆಯೇ ಇಳಿಸಿದಳು. ಉಗಿಯುವುದನ್ನೂ ಮರೆತಿದ್ದಳು. ಆದರೂ ಮೀನು ಆ ಕ್ಷಣವೇ ಕಚ್ಚಿತು.

ಎಳೆದರೆ ಮೊಳದುದ್ದದ ಕುಚ್ಚುಮೀನು, ಕಪ್ಪು ಬೆನ್ನು, ಹಾವಿನಂಥ ತಲೆ. ಅವಳು ಗಾಳ ಬಿಡಿಸಿ ಅದನ್ನು ಹುಲ್ಲಿನ ಮೇಲೆ ಹಾಕಿದಳು.

“ನಂಗೆ ಹಸಿವಿರ್ಲಿಲ್ಲ ಕಣವ್ವ” ಎಂದಿತು ಮೀನು. “ಮಕ್ಕಳ ಹತ್ರ ಏನೋ ಬಂತಲ್ಲ ಅಂತ ಕಚ್ಚಿದೆ.”

“ನಮ್ಮನೇಲೂ ಮಗು ಐತೆ” ಎಂದಳು ಹೊಂಬಾಳೆ. ಅವಳಿಗೆ ಅಳು ಬಂತು.

ಆ ಮೀನು ಮರಿಗಳ ಅಪ್ಪ. ಅಪ್ಪನನ್ನು ಹುಡುಕಿಕೊಂಡು ಮರಿಗಳು ದಡಕ್ಕೆ ಬಂದು ಒತ್ತಿಕೊಂಡವು. ಅದನ್ನೇ ಕಾಯುತ್ತಿದ್ದ ಕೊಕ್ಕರೆ ಒಂದೊಂದೇ ಹೆಜ್ಜೆ ಇಟ್ಟು ಹತ್ತಿರವಾಯಿತು. ಮೀನು ಒದ್ದಾಡಿತು. ಉಸಿರು ಕಟ್ಟಿ ಅದರ ಕಣ್ಣು ಮಂಜಾಯಿತು.

ಆಗ ಹುಲ್ಲಿನ ಮೇಲೆ ಸುಳಿಯುತ್ತಿದ್ದ ಗಾಳಿ ಬಗ್ಗಿ ಹೇಳಿತು: “ನೀರು ಸಿಗೋ ತನಕ ನನ್ನನ್ನೇ ಒಂದು ಗುಟುಕು ಕುಡಿಯೋ.”

ಮೀನು ಬಾಯಿ ತೆರೆದು ಕುಡಿಯಿತು. ಗುಳುಕ್! ಲೋಕದಲ್ಲಿ ಮೀನೊಂದು ಗಾಳಿ ಕುಡಿದದ್ದು ಅದೇ ಮೊದಲು. ಇನ್ನೊಂದು ಗುಟುಕು ಕುಡಿದು, ಹೊಟ್ಟೆ ಎಳೆದುಕೊಂಡು ನೀರಿನ ಕಡೆ ತೆವಳತೊಡಗಿತು.

ಇನ್ನು ಗೇಣು ದೂರ ಇತ್ತು. ಹೊಂಬಾಳೆ ಗಪ್ಪನೆ ಹಿಡಿದಳು. ಅಂಗೈಯಲ್ಲಿ ಮೀನಿನ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಬೆಳಿಗ್ಗೆ ಎತ್ತಿಕೊಂಡಾಗ ತಮ್ಮನ ಎದೆಯೂ ಹೀಗೇ ಹೊಡೆದುಕೊಂಡಿತ್ತು. ಅವಳ ಕೈ ತಾನಾಗಿ ನೀರಿಗಿಳಿದು ಬೆರಳು ಬಿಚ್ಚಿತು.

ಮರಿಗಳು ಅಪ್ಪನ ಸುತ್ತ ಮುತ್ತಿಕೊಂಡವು. ಕೊಕ್ಕರೆ ಮೋರೆ ಸೊಟ್ಟ ಮಾಡಿಕೊಂಡು ಹಾರಿಹೋಯಿತು. ಹೊಂಬಾಳೆ ಖಾಲಿ ಬುಟ್ಟಿಯ ಮುಂದೆ ಕೂತು ಬಿಕ್ಕಿದಳು.

“ತಡಿ ಅಂದಿದ್ನಲ್ಲ” ಎಂದಿತು ಕೆರೆ ಮೆಲ್ಲಗೆ. “ತೂಬಿನ ಹತ್ರ ಹಾಕು.”

ತೂಬಿನ ಬಳಿ ಏಳು ಗೆಂಡೆಮೀನು ಸಿಕ್ಕವು, ಎಲ್ಲ ಬೆರಳುದ್ದದವು. ಅವನ್ನೇ ತಂದು ಮೆಣಸು ಅರೆದು ಸಾರು ಮಾಡಿದಳು. ಅವ್ವ ಕುಡಿದಳು. ದೀಪ ಹಚ್ಚುವ ಹೊತ್ತಿಗೆ ಹಾಲು ಇಳಿಯಿತು. ಯಾವ ಮೀನಿನ ಸಾರು ಅಂತ ಹಾಲು ಕೇಳುತ್ತದೆಯೇ?

ತಾತ ಮಲಗಿದ್ದಲ್ಲಿಂದಲೇ ಮೊಮ್ಮಗಳ ಕೈ ಹಿಡಿದು ಮೂಸಿದ. “ಇದು ಗೆಂಡೆ ವಾಸನೆ ಅಲ್ವಲ್ಲವ್ವ” ಎಂದ. ಅವಳು ತಲೆ ತಗ್ಗಿಸಿದಳು. “ಕುಚ್ಚು ಹಿಡ್ದು ನೀರಿಗೆ ಬುಟ್ಯಾ?” ಎಂದು ಕೇಳಿದ. ಹೂಂ ಎಂದಳು. ಆ ಕೈಯನ್ನು ತಾತ ತನ್ನ ಕೆನ್ನೆಗೆ ಒತ್ತಿಕೊಂಡ.

ತಾತ ಹೋಗಿ ಎಷ್ಟೋ ಕಾಲವಾದ ಮೇಲೂ ಹೊಂಬಾಳಜ್ಜಿ ಕೆರೆದಡದಲ್ಲಿ ಕೂರುತ್ತಿದ್ದಳು. ನೀರು ‘ಗುಳುಕ್’ ಅಂದಾಗಲೆಲ್ಲ ತನ್ನ ಅಂಗೈ ಮೂಸಿ ನೋಡಿಕೊಳ್ಳುತ್ತಿದ್ದಳು.

ಇವತ್ತಿಗೂ, ಮಗು, ನಿಂತ ನೀರಲ್ಲಿ ಬಳೆಯಷ್ಟು ಅಲೆ ಎದ್ದು ‘ಗುಳುಕ್’ ಅಂದರೆ, ಅಂದು ಆ ದಡದಲ್ಲಿ ಕಲಿತ ಗುಟುಕು ಕುಡಿಯಲು ಕುಚ್ಚುಮೀನು ಮೇಲೆ ಬಂದಿದೆ ಅಂತ ತಿಳಿ, ಪಕ್ಕದಲ್ಲಿ ಕುಂಕುಮ ಚೆಲ್ಲಿದಂತೆ ಕಂಡರೆ ನಿನ್ನ ಗಾಳ ಎತ್ತಿಬಿಡು.