ಹುಲಿಗೆಮ್ಮ ಕಳಚಿಟ್ಟ ಬಾಗಿಲು

ಒಂದು ಗುಡ್ಡದ ಬುಡದಲ್ಲಿ ಜೀಪ್ ಸ್ಟ್ಯಾಂಡ್ ಇತ್ತು. ಗುಡ್ಡದ ಮೇಲಿನ ಗುಡಿಗೆ ಮಣ್ಣಿನ ದಾರಿ, ಬಸ್ಸು ಹತ್ತುವುದಿಲ್ಲ. ಜೀಪುಗಳು ಸಾಲಾಗಿ ನಿಲ್ಲುತ್ತಿದ್ದವು, ಪಾಳಿ ಬಂದವರು ಜನರನ್ನು ಕೂರಿಸಿಕೊಂಡು ಹೊರಡುತ್ತಿದ್ದರು. ಆ ಸಾಲಿನಲ್ಲಿ ಹುಲಿಗೆಮ್ಮ ಎಂಬಾಕೆಯದೂ ಒಂದು ಹಳೆಯ ಜೀಪು. ಅಷ್ಟು ಗಂಡಸರ ನಡುವೆ ಅವಳೊಬ್ಬಳೇ ಹೆಂಗಸು. ಅದನ್ನು ದಿನಕ್ಕೊಮ್ಮೆಯಾದರೂ ಅವಳಿಗೆ ನೆನಪಿಸಲು ಯಾರೂ ಮರೆಯುತ್ತಿರಲಿಲ್ಲ.

ಒಂದು ಮಳೆಗಾಲ ಮುಗಿದ ಹೊಸತು. ಹುಲಿಗೆಮ್ಮ ಜನರನ್ನು ಕೂರಿಸಿಕೊಂಡು ಗುಡ್ಡದ ದೊಡ್ಡ ತಿರುವು ದಾಟಿದಳು. ಇಂಜಿನ್ ಕಾದಿದ್ದರಿಂದ ಮುಂದೆ ಜೀಪು ನಿಲ್ಲಿಸಿ ಇಳಿದಳು. ಸುಮ್ಮನೆ ಹಿಂತಿರುಗಿ ನೋಡಿದರೆ ತಿರುವಿನ ಅಂಚನ್ನು ಮಳೆ ತಿಂದುಬಿಟ್ಟಿತ್ತು. ಅವಳದೇ ಟೈರಿನ ಗುರುತು ಅರ್ಧ ಮಣ್ಣಿನ ಮೇಲಿತ್ತು, ಉಳಿದರ್ಧ ಇರಬೇಕಾದ ಕಡೆ ಬರೀ ಕೊಳ್ಳ. ಒಳಗೆ ಕೂತವರು ಮಂಡಕ್ಕಿ ತಿನ್ನುತ್ತಾ ನಗುತ್ತಿದ್ದರು. ಅವರಿಗೆ ಏನೂ ಗೊತ್ತಾಗಿರಲಿಲ್ಲ. ಅವಳಿಗೂ ಗೊತ್ತಾಗಿರಲಿಲ್ಲ. ಚಾಲಕನ ಕಡೆಯ ಬಾಗಿಲು ಎತ್ತರದ್ದು, ಅದರ ಗಾಜು ಅರ್ಧಕ್ಕಿಂತ ಹೆಚ್ಚು ಸರಿಯುತ್ತಿರಲಿಲ್ಲ. ಕೂತಲ್ಲಿಂದ ಬಗ್ಗಿ ಚಕ್ರ ನೋಡುವ ಹಾಗೇ ಇರಲಿಲ್ಲ.

ಮರುದಿನವೇ ವೆಲ್ಡಿಂಗ್ ಅಂಗಡಿಯ ಎರ್ರಿಸ್ವಾಮಿಯ ಹತ್ತಿರ ಹೋಗಿ ಬಾಗಿಲಿನ ಕೀಲುಗಳನ್ನು ಬದಲಿಸಿದಳು. ಮೊದಲು ಕೀಲಿನ ಪಿನ್ನುಗಳ ಎರಡೂ ತುದಿ ಬಡಿದು ಭದ್ರ ಮಾಡಿದ್ದರು, ಬಾಗಿಲು ಬಿಚ್ಚಲು ಅರ್ಧ ದಿನ ಬೇಕಿತ್ತು. ಈಗ ಬಾಗಿಲನ್ನು ಮೇಲಕ್ಕೆತ್ತಿದರೆ ಸಾಕು, ಕಳಚಿ ಕೈಗೆ ಬರುತ್ತಿತ್ತು. ಕೆಳಗಿನ ಪಿನ್ನನ್ನು ಬೇಕೆಂದೇ ತುಸು ಉದ್ದ ಇಡಿಸಿದ್ದಳು. ಬಾಗಿಲು ಮತ್ತೆ ಹಾಕುವಾಗ ಅದು ಮೊದಲು ಕೂತರೆ ಮೇಲಿನದು ತಾನಾಗಿ ದಾರಿಗೆ ಬರುತ್ತದೆ. ಡಾಂಬರು ರಸ್ತೆಯಲ್ಲಿ ಬಾಗಿಲು ಹಾಕಿಕೊಂಡು ಬರುವಳು. ಗುಡ್ಡದ ಬುಡದಲ್ಲಿ ತನ್ನ ಕಡೆಯದನ್ನು ಕಳಚಿ ಹಿಂದೆ ಕಟ್ಟಿ, ಬೆಲ್ಟು ಬಿಗಿದುಕೊಂಡು, ಚಕ್ರ ನೋಡುತ್ತಾ ನಿಧಾನ ಹತ್ತುವಳು.

ಅವಳಿಗೆ ಚಕ್ರ ಕಂಡರೆ, ಒಳಗೆ ಕೂತ ಜನರಿಗೆ ಕೊಳ್ಳವೂ ಕಾಣತೊಡಗಿತು ನೋಡಿ, ಅಲ್ಲಿಗೆ ಶುರುವಾಯಿತು ರಗಳೆ. ಕೊಳ್ಳ ತಾತ ಮುತ್ತಾತಂದಿರ ಕಾಲದಿಂದಲೂ ಅಲ್ಲೇ ಇದೆ. ಅದರ ಮೇಲೆ ಯಾರಿಗೂ ಸಿಟ್ಟು ಬರಲಿಲ್ಲ, ಹುಲಿಗೆಮ್ಮನ ಮೇಲೆ ಬಂತು. ಕುಣಿಯಲಾರದವಳಿಗೆ ನೆಲ ಡೊಂಕು, ಓಡಿಸಲಾರದವಳಿಗೆ ಬಾಗಿಲು ಅಡ್ಡ ಎಂದು ಚಾಲಕರು ಆಡಿಕೊಂಡರು. ಸ್ಟ್ಯಾಂಡಿನ ಅಧ್ಯಕ್ಷ ಗಾದಿಲಿಂಗಪ್ಪನಿಗೆ ದೂರು ಹೋಯಿತು. ಜೀಪು ಓಡಿಸುವುದನ್ನು ಬಿಟ್ಟು ಕುರ್ಚಿ ಹಿಡಿದ ಮನುಷ್ಯ ಅವನು. ಜನ ಹೆದರಿದರೆ ಸ್ಟ್ಯಾಂಡಿನ ಹೆಸರು ಕೆಡುತ್ತದೆ, ಕೀಲಿಗೆ ಬೆಸುಗೆ ಹಾಕಿಸಿ ಬಾಗಿಲು ಮುಚ್ಚು, ಇಲ್ಲವಾದರೆ ನಿನಗೆ ಪಾಳಿ ಇಲ್ಲ ಎಂದು ಎಲ್ಲರೆದುರು ಹೇಳಿಬಿಟ್ಟ. ಪಾಳಿ ಹೋದರೆ ಅವಳ ಮನೆಯ ಒಲೆ ಉರಿಯುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

ಹುಲಿಗೆಮ್ಮ ಕೇಳಿದಳು, "ಬಾಗ್ಲು ಮುಚ್ಚಿದ್ರೆ ಕೊಳ್ಳ ಎಲ್ಲಿಗನ ಹೋಗ್ತೈತೇನಣ್ಣ?"

ಅಧ್ಯಕ್ಷರನ್ನು ಪ್ರಶ್ನೆ ಕೇಳುವ ರೂಢಿ ಅಲ್ಲಿರಲಿಲ್ಲ.

ಅವಳು ಬಾಗಿಲನ್ನು ಎತ್ತಿ ಕಳಚಿದಳು. ಹೊತ್ತು ತಂದು ಸಾಲಿನಲ್ಲಿ ತನ್ನ ಜೀಪು ನಿಲ್ಲುತ್ತಿದ್ದ ಜಾಗದ ಕಂಬಕ್ಕೆ ಒರಗಿಸಿದಳು.

"ನಿಮಗೆ ಬೇಕಾಗಿದ್ದು ಬಾಗ್ಲು ತಾನೆ? ಇಗೋ, ಪಾಳಿಗೆ ನಿಂತೈತೆ. ಇದರ ಪಾಳಿ ಬಂದಾಗ ಜನರನ್ನ ಕುಂದ್ರಿಸಿ ಗುಡ್ಡಕ್ಕೆ ಕಳಸ್ರಿ. ನಾನು ಕಣ್ಣು ಬಿಟ್ಕಂಡೇ ಹೊಡಿತೀನಿ."

ಹೀಗೆಂದವಳೇ ಜೀಪನ್ನು ಸಾಲಿನಿಂದ ಹೊರಗೆ ತಂದು ಬೇವಿನ ಮರದ ಕೆಳಗೆ ನಿಲ್ಲಿಸಿದಳು. ಮಧ್ಯಾಹ್ನದವರೆಗೂ ಒಬ್ಬರೂ ಅವಳ ಕಡೆ ಬರಲಿಲ್ಲ. ಹೊಟ್ಟೆ ಚುರುಗುಟ್ಟಿತು. ಆದರೂ ಬೆಸುಗೆಯ ಅಂಗಡಿಯ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಆಮೇಲೆ ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ತಾಯಿ ಬಂದಳು, ಹರಕೆ ತೀರಿಸಲು ಹೊರಟವಳು. ಬಾಗಿಲಿಲ್ಲದ ಜೀಪು ಕಂಡು, ಯಾಕಮ್ಮ ಹೀಗೆ ಎಂದು ಕೇಳಿದಳು. ಚಕ್ರ ಎಲ್ಲಿದೆ ಎಂದು ಕಾಣಬೇಕಲ್ಲ, ಅದಕ್ಕೆ ಎಂದಳು ಹುಲಿಗೆಮ್ಮ. ತಾಯಿ ಅಷ್ಟಕ್ಕೇ ಹತ್ತಲಿಲ್ಲ. ಸಾಲಿನ ಮೊದಲ ಜೀಪಿನ ಹತ್ತಿರ ಹೋಗಿ ಆ ಚಾಲಕನನ್ನು, ನಿನಗೆ ಚಕ್ರ ಕಾಣುತ್ತದೇನಪ್ಪ ಎಂದು ಕೇಳಿದಳು.

ಅವನು ಸುಳ್ಳು ಹೇಳುವವನಲ್ಲ. "ಕಾಣಂಗಿಲ್ಲವ್ವ. ಅಂದಾಜು ಐತೆ," ಎಂದ.

ಅಂದಾಜು! ಕೂಸಿನ ಜೀವ ಅಂದಾಜಿನ ಮೇಲೆ. ತಾಯಿ ಬೇವಿನ ಮರದ ಕಡೆ ನಡೆದು ಬಂದು, ಜೀಪು ಹತ್ತಿ ಹುಲಿಗೆಮ್ಮನ ಪಕ್ಕವೇ ಕೂತಳು. ಗಾದಿಲಿಂಗಪ್ಪ ಕುರ್ಚಿಯಿಂದ ಕೂಗಿ ಕರೆದ. ಅವಳು ಕೇಳಿಸದವಳಂತೆ ಕೂಸಿನ ಟೋಪಿ ಸರಿಮಾಡಿದಳು.

ದೊಡ್ಡ ತಿರುವು ಬಂತು. ಆಚೆ ಕೊಳ್ಳ ಬಾಯಿ ತೆರೆದಿತ್ತು. ತಾಯಿ ಕೂಸನ್ನು ಎದೆಗೆ ಅವುಚಿಕೊಂಡಳು. ಹೆದರಿಕೆ ಆಗುತ್ತಿದೆಯಾ ಎಂದು ಹುಲಿಗೆಮ್ಮ ಚಕ್ರದ ಮೇಲಿನ ಕಣ್ಣು ತೆಗೆಯದೆ ಕೇಳಿದಳು.

"ಆಗ್ತೈತವ್ವ," ಎಂದಳು ತಾಯಿ. "ಆಗ್ಲಿ ಬಿಡು. ನೀನು ನೋಡ್ಕಂಡು ಹೊಡಿ."

ನೀತಿ: ಅಪಾಯವನ್ನು ಮುಚ್ಚಿಟ್ಟು ಧೈರ್ಯ ಹೇಳುವವರನ್ನು ನಂಬಬೇಡಿ. ಹೆದರಿಕೆಯಾದರೂ ಸರಿ, ಇದ್ದದ್ದನ್ನು ಕಣ್ಣಾರೆ ಕಾಣುವುದೇ ಜಾಣತನ. ಹಾಗೆ ಕಾಣಲು ಯಾರ ಅಪ್ಪಣೆಯೂ ಬೇಕಿಲ್ಲ.