ಮಂಡ್ಯದ ಸೊಸೆ, ಗದಗ ಸೀಮೆಯ ಹಳ್ಳ

ಗದಗ ಸೀಮೆಯ ಗುರುಸಿದ್ದವ್ವ ಮಂಡ್ಯ ಕಡೆಯಿಂದ ಸೊಸೆ ತಂದಳು. ಸೊಸೆಯ ಹೆಸರು ಪುಟ್ಟತಾಯಿ. ಗದಗ ಸೀಮೆಯಲ್ಲಿ ದಸರೆಗೆ ಮೊದಲು ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಒಗೆಯುತ್ತಾರೆ. ಒಂದು ಬೆಳಿಗ್ಗೆ ಗುರುಸಿದ್ದವ್ವ, "ಕೌದಿ ಎಲ್ಲಾ ಗಂಟು ಕಟ್ಟು, ಹಳ್ಳಕ್ಕ ಹೋಗೂಣು" ಎಂದಳು.

ಪುಟ್ಟತಾಯಿ ಕೇಳಿದಳು: "ಹಳ್ಳದಲ್ಲಿ ಒಗೆದ್ರೆ ಕೆಸರಾಗಲ್ವಾ ಅತ್ತೆ? ನಮ್ಮ ಕಡೆ ಹಳ್ಳ ಅಂದ್ರೆ ಗುಂಡಿ. ಗಾಡಿ ಚಕ್ರ ಬೀಳುತ್ತಲ್ಲ, ಅದು."

ನಾದಿನಿ ನೀಲವ್ವ ನಕ್ಕು ನಕ್ಕು ಗೋಡೆ ಹಿಡಿದಳು. "ವೈನಿ, ಹಳ್ಳ ಅಂದ್ರ ಸಣ್ಣ ಹೊಳಿ. ನೀರು ಹರೀತೈತಿ. ಮಂಡ್ಯದಾಗ ಇಷ್ಟೂ ಕಲಿಸಿಲ್ಲೇನು?"

ಗುರುಸಿದ್ದವ್ವ ಬಾಯಿ ಮುಚ್ಚಿಕೊಂಡು ಇರುವವಳಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಸೊಸಿ ಗುಂಡ್ಯಾಗ ಕೌದಿ ಒಗ್ಯಾಕ ಹೊಂಟಾಳ ನೋಡ್ರಿ" ಎಂದು ಹೇಳುತ್ತಲೇ ನಡೆದಳು.

ಹಳ್ಳದಲ್ಲಿ ಪಾದ ಮುಳುಗುವಷ್ಟು ತಿಳಿನೀರು, ಅಕ್ಕಪಕ್ಕ ಅಗಲವಾದ ಮರಳು. ಒಗೆದ ಕೌದಿಗಳನ್ನು ಮರಳಿನ ಮೇಲೇ ಹರವಿದರು. ಅವುಗಳಲ್ಲಿ ಒಂದನ್ನು ಗುರುಸಿದ್ದವ್ವನ ತಾಯಿ, ಸಾಯುವ ವರ್ಷ, ತನ್ನ ಹಳೆಯ ಸೀರೆಗಳಿಂದ ಹೊಲಿದಿದ್ದಳು. ಅದನ್ನು ಯಾರ ಕೈಗೂ ಕೊಡದೆ ಗುರುಸಿದ್ದವ್ವ ತಾನೇ ಒಗೆದು ತಾನೇ ಹರವಿದಳು. ಬಿಸಿಲು ಚೆನ್ನಾಗಿತ್ತು. ಗುರುಸಿದ್ದವ್ವ, ನೀಲವ್ವ ನೀರಿಗೆ ಬೆನ್ನು ಮಾಡಿ ಕೂತು ರೊಟ್ಟಿ ಗಂಟು ಬಿಚ್ಚಿದರು. ಗುಂಡಿಯ ಮಾತು ಮತ್ತೆ ಶುರುವಾಯಿತು.

ಪುಟ್ಟತಾಯಿ ಕೈ ತೊಳೆಯಲು ಬಗ್ಗಿದಳು. ನೀರು ಕೆಂಪಗಾಗಿತ್ತು. ನೊರೆ, ಕಸಕಡ್ಡಿ ತೇಲಿ ಬರುತ್ತಿದ್ದವು. ಅವಳು ನಾಲೆಯ ದಂಡೆಯಲ್ಲಿ ಬೆಳೆದವಳು. ಮೇಲೆ ತೂಬು ಎತ್ತಿದರೆ ಮೊದಲು ಕಸ ಬರುತ್ತದೆ, ಅದರ ಹಿಂದೆಯೇ ನೀರು ನುಗ್ಗುತ್ತದೆ ಎಂದು ಅವಳಿಗೆ ಗೊತ್ತು.

"ಅತ್ತೆ, ಮೇಲಿಂದ ನೀರು ಬರ್ತಿದೆ. ಏಳಿ."

"ಮಳೀನ ಇಲ್ಲ, ಎಲ್ಲೀ ನೀರು? ಹಳ್ಳ ಅಂದ್ರ ಏನಂತ ಇವತ್ತ ಕಲ್ತಾಕಿ ನನಗ ಹೇಳ್ತಾಳ," ಎಂದು ಗುರುಸಿದ್ದವ್ವ ಇನ್ನೊಂದು ತುತ್ತು ಮುರಿದಳು.

ಪುಟ್ಟತಾಯಿ ವಾದಕ್ಕೆ ನಿಲ್ಲಲಿಲ್ಲ. ಅತ್ತೆಯ ತಾಯಿಯ ಕೌದಿಯನ್ನೇ ಮೊದಲು ಬಾಚಿ ಹೆಗಲಿಗೆ ಹಾಕಿಕೊಂಡು ದಂಡೆಗೆ ಓಡಿದಳು. ನೀಲವ್ವ ತಿರುಗಿ ನೀರು ನೋಡಿದಳು. ನಗು ನಿಂತಿತು. ಮೂವರೂ ಬಿದ್ದು ಎದ್ದು ಕೌದಿ ಎಳೆದರು. ಮೇಲಿನ ಊರುಗಳಲ್ಲಿ ಮಳೆಯಾಗಿತ್ತು. ಕೊನೆಯ ಕೌದಿ ದಂಡೆ ಹತ್ತುವಷ್ಟರಲ್ಲಿ ಹಳ್ಳ ಸೊಂಟದೆತ್ತರ ಬಂತು. ಹೋದದ್ದು ರೊಟ್ಟಿ ಗಂಟು ಮಾತ್ರ.

ಗುರುಸಿದ್ದವ್ವ ತಾಯಿಯ ಒದ್ದೆ ಕೌದಿಯನ್ನು ಎದೆಗೆ ಒತ್ತಿಕೊಂಡು ದಂಡೆಯ ಮೇಲೆ ಕೂತಳು. ಆಮೇಲೆ ಸೊಸೆಯ ಕೈ ಹಿಡಿದು ಎದ್ದಳು.

"ಹಸಿದಿರಬೇಕು, ನಡಿಯವ್ವಾ. ಇವತ್ತ ಅಡಿಗಿ ನಾ ಮಾಡ್ತೀನಿ. ನೀ ಕುಂತು ನಿಮ್ಮ ನಾಲಿ ಸುದ್ದಿ ಹೇಳು."

ನೀತಿ: ನಮ್ಮೂರ ಮಾತು ಗೊತ್ತಿಲ್ಲದವರಿಗೆ ಬುದ್ಧಿಯೇ ಇಲ್ಲ ಎಂದುಕೊಳ್ಳಬೇಡಿ. ಅವರೂರಲ್ಲೂ ನೀರು ಹರಿಯುತ್ತದೆ, ಅವರಿಗೂ ಕಣ್ಣಿದೆ. ನಗಲೇಬೇಕೆಂದರೆ ನಗಿ, ಆದರೆ ನೀರಿನ ಕಡೆ ಮುಖ ಮಾಡಿ ನಗಿ.