ಮೊಲದ ಪಾರಣೆ

ವೈದ್ಯರು ಅತಿಯಾಗಿ ಬೆಳೆದ ಹಲ್ಲನ್ನು ತೇಯ್ದು ಗಿಡ್ಡಮಾಡಿ ಕಳಿಸಿದಾಗಿನಿಂದ ಸಾಕುಮೊಲ ಹುಲ್ಲು ಮುಟ್ಟಿರಲಿಲ್ಲ. ಇನ್ನೊಂದು ದಿನ ಹೀಗೇ ಇದ್ದರೆ ಜೀವಕ್ಕೇ ಕುತ್ತು. ನೋವಾದೀತೆಂಬ ಭಯವನ್ನು ಹೇಳಿಕೊಳ್ಳಲು ನಾಚಿ, ಯಾಕೆ ತಿನ್ನಲಿಲ್ಲವೆಂದು ಕೇಳಿದ ಪಕ್ಕದ ಮೇಕೆಗೆ, "ನಿನ್ನೆ ಏಕಾದಶಿ ಉಪವಾಸವಿದ್ದೆ ಅಕ್ಕಾ" ಎಂದಿತು.

ಗಬ್ಬದ ಮೇಕೆ ಭಕ್ತಿಯಿಂದ ತಲೆಬಾಗಿತು. "ಹಾಗಾದರೆ ಇವತ್ತು ದ್ವಾದಶಿ. ಅಗಸೆ ಸೊಪ್ಪು ತಿಂದು ಪಾರಣೆ ಮಾಡಪ್ಪಾ. ವ್ರತ ಹಿಡಿದವರು ಉಣ್ಣದೆ ನಾನು ಉಂಡೇನೇ?" ಎಂದು ತನ್ನ ಮೇವನ್ನೂ ಬಿಟ್ಟು ಕೂತಿತು.

"ಹೊಟ್ಟೆಯಲ್ಲಿ ಮರಿಯಿದೆ, ನೀನು ತಿನ್ನಕ್ಕಾ!"

"ಅದಕ್ಕೂ ಹಸಿವು, ಪಾಪ. ನೀನೇ ಮನಸ್ಸು ಮಾಡಬೇಕು."

ಮೊಲಕ್ಕೆ ತಡೆಯಲಾಗಲಿಲ್ಲ. ಮರಿಗಾಗಿ ದೇವರನ್ನು ನೆನೆದು, ಕಣ್ಣು ಮುಚ್ಚಿ ಒಂದೆಲೆ ಕಚ್ಚಿತು. ನೋಯಲಿಲ್ಲ. ಮತ್ತೊಂದು ಎಳೆಯಿತು, ಇನ್ನೊಂದೂ ಎಳೆಯಿತು.

"ಅಕ್ಕಾ, ಅದು ಉಪವಾಸವಲ್ಲ, ಭಯವೆಂದು ನಿನಗೆ ಗೊತ್ತಿತ್ತೇ?"

"ಎಲ್ಲ ಬಲ್ಲವನು ಆ ಭಗವಂತ. ನನಗೂ ಎರಡೆಲೆ ಉಳಿಸೋ!"